ಬೆಳ್ಳುಳ್ಳಿ, ಅರಿಸಿನ, ಓರಿಗ್ಯಾನೋ: ಬ್ರಾಯ್ಲರ್ ಫೀಡಿಗೆ ಯಾವುದು ವಾಸಿ?

ಮೊದಲೇ ಹೇಳಿಬಿಡುತ್ತೇನೆ, ಫೀಡಿನ ಆಂಟಿಬಯೋಟಿಕ್‌ಗೆ ಬದಲಿಯಾಗಿ ಈ ಮೂರರಲ್ಲಿ ನನ್ನ ಓಟು ಕೊಬ್ಬಿನ ಕೋಟಿಂಗ್ ಇರುವ ಓರಿಗ್ಯಾನೋ ಎಣ್ಣೆಗೆ. ಅರಿಸಿನಕ್ಕೆ ಎರಡನೇ ಸ್ಥಾನ, ಅದೂ ಷರತ್ತಿನ ಮೇಲೆ. ಬೆಳ್ಳುಳ್ಳಿ ಪುಡಿ ಅಡುಗೆಮನೆಯಲ್ಲೇ ಇರಲಿ.

ಕೋಳಿ ಬೇಗ ತೂಕ ಬರಲೆಂದು ದಿನವೂ ಫೀಡಿಗೆ ಚಿಟಿಕೆ ಆಂಟಿಬಯೋಟಿಕ್ ಸೇರಿಸುವುದನ್ನು ಯುರೋಪಿಯನ್ ಒಕ್ಕೂಟ 2006ರ ಜನವರಿ 1ರಿಂದ ನಿಲ್ಲಿಸಿತು. ನಮ್ಮಲ್ಲಿ 2019ರಲ್ಲಿ ಕೊಲಿಸ್ಟಿನ್ ಎಂಬ ಆಂಟಿಬಯೋಟಿಕ್‌ಗೆ ನಿಷೇಧ ಬಂತು. ಬ್ಯಾಸಿಟ್ರಾಸಿನ್‌ನಂಥ ಆಂಟಿಬಯೋಟಿಕ್ ಅನ್ನು ಫೀಡಿನಿಂದ ತೆಗೆದ ಶೆಡ್ಡಿನಲ್ಲಿ ಮೊದಲು ತಲೆ ಎತ್ತುವುದು ಕರುಳಿನ ರೋಗ ತರುವ ಬ್ಯಾಕ್ಟೀರಿಯಾ ಕ್ಲಾಸ್ಟ್ರಿಡಿಯಂ. ಮೂರನೇ, ನಾಲ್ಕನೇ ವಾರದಲ್ಲಿ ಹಿಕ್ಕೆ ನೀರಾಗುತ್ತದೆ, ಹಾಸು ಒದ್ದೆಯಾಗುತ್ತದೆ, ತೂಕ ನಿಂತುಬಿಡುತ್ತದೆ. ಹಾಗಾಗಿ ಬದಲಿಗೆ ಏನೇ ಹಾಕಿದರೂ ಅದು ಕರುಳಿನ ಕೆಳಭಾಗದವರೆಗೆ ಜೀವ ಹಿಡಿದುಕೊಂಡು ಹೋಗಬೇಕು.

ಬೆಳ್ಳುಳ್ಳಿ ಸೋಲುವುದು ಇಲ್ಲೇ. ಜಜ್ಜಿದಾಗ ಹುಟ್ಟುವ ಅಲಿಸಿನ್ ಗಟ್ಟಿ ಆಳೇ, ಆದರೆ ಅಲ್ಪಾಯುಷಿ. ಹೆಚ್ಚು ಬಿಸಿಯಲ್ಲಿ ಒಣಗಿಸಿದರೆ ಅದನ್ನು ಹುಟ್ಟಿಸುವ ಕಿಣ್ವವೇ ಸತ್ತಿರುತ್ತದೆ. ಟನ್ ಫೀಡಿಗೆ 5 ಕೆಜಿ ಪುಡಿ ಅಂದರೆ ಸುಮಾರು 15 ಕೆಜಿ ಹಸಿ ಬೆಳ್ಳುಳ್ಳಿ. ಬೆಲೆ ಏರಿದ ವರ್ಷ ಲೆಕ್ಕ ಹಾಕುವ ಧೈರ್ಯವೂ ಬರುವುದಿಲ್ಲ.

ಅರಿಸಿನವೂ ಟನ್ನಿಗೆ 5 ಕೆಜಿಯೇ ಬೇಕು. ಅದರ ಸತ್ವವಾದ ಕರ್ಕ್ಯುಮಿನ್ ರಕ್ತಕ್ಕೆ ಸೇರುವುದು ಕಡಿಮೆ. ಆದರೂ ಮಳೆಯಲ್ಲಿ ನೆನೆದು ಬೂಷ್ಟು ಹಿಡಿದ ಮೆಕ್ಕೆಜೋಳ ಬಂದಾಗ, ಅಫ್ಲಾಟಾಕ್ಸಿನ್ ಎಂಬ ಬೂಷ್ಟಿನ ವಿಷದ ಏಟಿನಿಂದ ಕೋಳಿಯ ಯಕೃತ್ತಿಗೆ ಒಂದಿಷ್ಟು ಆಸರೆಯಾಗುತ್ತದೆ. ಷರತ್ತು ಇಷ್ಟೇ: ಪುಡಿ ಕೊಳ್ಳಬೇಡಿ. ಬಣ್ಣಕ್ಕೆ ಮೆಟಾನಿಲ್ ಯೆಲ್ಲೋ, ಲೆಡ್ ಕ್ರೋಮೇಟ್ ಬೆರೆಸುವವರಿದ್ದಾರೆ. ಪಾಲಿಶ್ ಮಾಡದ ಕೊಂಬು ತಂದು ನೀವೇ ಬೀಸಿಸಿ.

ಓರಿಗ್ಯಾನೋ ಅಂದಾಕ್ಷಣ ಪಿಜ್ಜಾ ನೆನಪಾಗಬೇಕಿಲ್ಲ. ದೊಡ್ಡಪತ್ರೆ ಎಲೆ ಹಿಸುಕಿದಾಗ ಮೂಗಿಗೆ ಬಡಿಯುವ ಕಾರ್ವಕ್ರಾಲ್, ಓಂಕಾಳಿನ ಥೈಮಾಲ್, ಇವೆರಡೂ ಅದರ ಎಣ್ಣೆಯಲ್ಲಿವೆ. ಬ್ಯಾಕ್ಟೀರಿಯಾದ ಹೊರಪೊರೆಯನ್ನು ತೂತು ಮಾಡುವುದು ಇವೇ. ಹಾಗಂತ ದೊಡ್ಡಪತ್ರೆ ಒಣಗಿಸಿ ಹಾಕಿದರೆ ಸಾಲದು, ಒಂದು ಗಿಡದ ಎಲೆಯಲ್ಲಿರುವಷ್ಟು ಸತ್ವ ಇನ್ನೊಂದರಲ್ಲಿ ಇರುವುದಿಲ್ಲ. ಬರಿ ಎಣ್ಣೆಯೂ ಕರುಳಿನ ಮೇಲ್ಭಾಗದಲ್ಲೇ ಹೀರಿಹೋಗುತ್ತದೆ. ಕೊಬ್ಬಿನ ಕೋಟಿಂಗ್ ಇರುವ ಸಣ್ಣ ಕಾಳಿನಂಥ ಪುಡಿಯೇ ಬೇಕು ಅನ್ನುವುದು ಅದಕ್ಕೇ.

ತಲೆನೋವು ಶುರುವಾಗುವುದು ಈ ಕೋಟಿಂಗಿನಿಂದಲೇ. ಸಣ್ಣ ಫೀಡ್ ಘಟಕಗಳಲ್ಲಿ ಜೋಳ, ಸೋಯಾ ಹಿಂಡಿ, ಖನಿಜ ಮಿಶ್ರಣ ಎಲ್ಲವನ್ನೂ ಒಂದೇ ಬಾಯಿಗೆ ಸುರಿಯುವ ಅಭ್ಯಾಸ. ಆ ಬಾಯಿಯ ಕೆಳಗಿರುವುದು ಬಡಿದು ಪುಡಿಮಾಡುವ ಹ್ಯಾಮರ್ ಮಿಲ್. ಓರಿಗ್ಯಾನೋವನ್ನೂ ಅಲ್ಲೇ ಸುರಿದರೆ ಕೋಟಿಂಗ್ ಒಡೆದು ಎಣ್ಣೆ ಗಾಳಿಗೆ ಹೋಗುತ್ತದೆ. ಗೋದಾಮು ಘಮ್ಮೆಂದರೆ ಕೆಲಸದವರಿಗೆ ಖುಷಿ, ‘ಒಳ್ಳೇ ಮಾಲು ಸಾರ್’ ಅನ್ನುತ್ತಾರೆ. ಮೂಗಿಗೆ ಬಂದದ್ದು ಕೋಳಿಯ ಕರುಳಿಗೆ ಹೋಗುವುದಿಲ್ಲ, ಅಷ್ಟೇ.

ಉಳಿದದ್ದನ್ನೆಲ್ಲ ಬೀಸಿದ ಮೇಲೆ ಓರಿಗ್ಯಾನೋವನ್ನು ಮಿಕ್ಸರಿಗೇ ನೇರ ಹಾಕಬೇಕು. ಆದರೆ ಇದರ ಡೋಸ್ ಟನ್ನಿಗೆ 200 ಗ್ರಾಂ, ಅಂದರೆ 500 ಕೆಜಿ ಮಿಕ್ಸರಿಗೆ 100 ಗ್ರಾಂ. ಹಾಗೇ ಎಸೆದರೆ ಒಂದು ಚೀಲಕ್ಕೆ ಎಲ್ಲ, ಇನ್ನೊಂದಕ್ಕೆ ಏನೂ ಇಲ್ಲ. ಮೊದಲು ಎಣ್ಣೆ ತೆಗೆದ 1 ಕೆಜಿ ಅಕ್ಕಿ ತೌಡಿನಲ್ಲಿ ಕಲಸಿ, ಅದನ್ನು 10 ಕೆಜಿ ಜೋಳದ ನುಚ್ಚಿನಲ್ಲಿ ಕಲಸಿ, ಆಮೇಲೆ ಮಿಕ್ಸರಿಗೆ ಹಾಕಿ. ಸುಣ್ಣಕಲ್ಲಿನ ಪುಡಿಯಲ್ಲಿ ಕಲಸಬೇಡಿ, ಭಾರಕ್ಕೆ ತಳ ಸೇರುತ್ತದೆ. ಫೀಡಿಗೆ ಎಣ್ಣೆ ಹಾಕುವವರು ಅದನ್ನು ಕೊನೆಗೇ ಹಾಕಿ, ಮೊದಲೇ ಹಾಕಿದರೆ ಉಂಡೆ ಕಟ್ಟುತ್ತದೆ. ಅಡ್ಡ ಮಿಕ್ಸರಿಗೆ ಐದಾರು ನಿಮಿಷ ಸಾಕು, ನೆಟ್ಟಗೆ ನಿಂತ ಸ್ಕ್ರೂ ಮಿಕ್ಸರಿಗೆ 15 ನಿಮಿಷ ಬೇಕು. ಈ ನೆಟ್ಟಗಿನ ಮಿಕ್ಸರಿನ ಬಾಗಿಲ ಬಳಿ ಕುಳಿತ ಫೀಡ್ ತಿರುಗುವುದೇ ಇಲ್ಲ. ಮೊದಲ ಚೀಲ ಇಳಿಸಿಕೊಂಡು ವಾಪಸ್ ಮೇಲಕ್ಕೆ ಸುರಿಯಿರಿ.

ಓರಿಗ್ಯಾನೋ ಚೀಲವನ್ನು ತಗಡಿನ ಮಾಡಿನಡಿ ಇಡಬೇಡಿ. ಬಳ್ಳಾರಿ, ರಾಯಚೂರಿನ ಏಪ್ರಿಲ್ ಬಿಸಿಲಿಗೆ ಕೊಬ್ಬು ಮೆತ್ತಗಾಗಿ ಗಂಟು ಕಟ್ಟುತ್ತದೆ. ಫೀಡನ್ನು ಪೆಲೆಟ್ (ಒತ್ತಿದ ಗುಳಿಗೆ) ಮಾಡುವವರಂತೂ ಕೋಟಿಂಗ್ 80 ಡಿಗ್ರಿ ಹಬೆ ತಡೆಯುತ್ತದೆಯೇ ಎಂದು ಬರಹದಲ್ಲಿ ಕೇಳಿಯೇ ಕೊಳ್ಳಲಿ.

ಖರ್ಚು ನೋಡೋಣ. 2.1 ಕೆಜಿ ತೂಗುವ ಕೋಳಿ 1.65 ಎಫ್‌ಸಿಆರ್‌ನಲ್ಲಿ (ಒಂದು ಕೆಜಿ ತೂಕಕ್ಕೆ ತಿನ್ನುವ ಫೀಡಿನ ಕೆಜಿ) ಸುಮಾರು ಮೂರೂವರೆ ಕೆಜಿ ತಿನ್ನುತ್ತದೆ. ಓರಿಗ್ಯಾನೋಗೆ ಕೆಜಿಗೆ 2,000 ರೂಪಾಯಿ ಹಿಡಿದರೂ ಟನ್ನಿಗೆ 400, ಕೋಳಿಗೆ 1 ರೂಪಾಯಿ 40 ಪೈಸೆ. ಅರಿಸಿನ ಕೆಜಿಗೆ 150 ಅಂದರೆ ಟನ್ನಿಗೆ 750, ಕೋಳಿಗೆ ಎರಡೂವರೆ ರೂಪಾಯಿ ದಾಟುತ್ತದೆ. ಫೀಡ್ ಕೆಜಿಗೆ 40 ರೂಪಾಯಿ ಇದ್ದಾಗ ಎಫ್‌ಸಿಆರ್ 1.65ರಿಂದ 1.63ಕ್ಕೆ ಇಳಿದರೆ ಓರಿಗ್ಯಾನೋದ ದುಡ್ಡು ವಾಪಸ್. ಅರಿಸಿನಕ್ಕೆ ಅಷ್ಟು ಸಾಲದು.

ಕಾಕ್ಸಿಡಿಯಾ (ಕರುಳಿನ ಪರಾವಲಂಬಿ ಜೀವಿ) ಔಷಧವನ್ನು ಮಾತ್ರ ಓರಿಗ್ಯಾನೋ ಭರವಸೆಯಲ್ಲಿ ನಿಲ್ಲಿಸಬೇಡಿ. ಕಾಕ್ಸಿಡಿಯಾ ಕರುಳು ಕೆರೆದ ಮೇಲೆಯೇ ಹೆಚ್ಚಾಗಿ ಕ್ಲಾಸ್ಟ್ರಿಡಿಯಂ ಒಳನುಗ್ಗುವುದು. ರೋಗ ಬಂದ ಮೇಲೆ ಓರಿಗ್ಯಾನೋ ಡೋಸ್ ಏರಿಸಿಯೂ ಪ್ರಯೋಜನವಿಲ್ಲ, ಪಶುವೈದ್ಯರನ್ನು ಕರೆಯಿರಿ. ಮೊದಲ ದಿನದಿಂದ ಹಾಕಿದರಷ್ಟೇ ಇದಕ್ಕೆ ಬೆಲೆ.

ಲೇಬಲ್ ನಂಬದವರು ಒಂದೇ ಹ್ಯಾಚ್‌ನ ಮರಿಗಳ ನಡುವೆ ಬಲೆ ಕಟ್ಟಿ ಶೆಡ್ ಎರಡು ಪಾಲು ಮಾಡಿ, ಒಂದು ಕಡೆಗೆ ಮಾತ್ರ ಓರಿಗ್ಯಾನೋ ಹಾಕಿದ ಫೀಡ್ ಕೊಟ್ಟು, ಎರಡೂ ಕಡೆಯಿಂದ ತಲಾ 50 ಕೋಳಿಯನ್ನು 7, 14, 21, 35ನೇ ದಿನ ತೂಗಿ. ಫೀಡ್ ಚೀಲದ ಲೆಕ್ಕವನ್ನೂ ಎರಡೂ ಕಡೆ ಬೇರೆ ಬೇರೆ ಬರೆದಿಡಿ.