ಸ್ಕೂಟರ್‌ನಲ್ಲಿ ಮಗುವನ್ನು ಸ್ಕೂಲಿಗೆ ಬಿಡಲು: ಸೊಂಟದ ಬೆಲ್ಟು, ಮುಂದಿನ ಸೀಟು, ವೆಸ್ಟ್ ಹಾರ್ನೆಸ್

ಮೊದಲೇ ಹೇಳಿಬಿಡುತ್ತೇನೆ, ಪುಟ್ಟ ಮಗುವನ್ನು ಸ್ಕೂಟರ್‌ನಲ್ಲಿ ಕರೆದುಕೊಂಡು ಹೋಗಲೇಬೇಕು ಅಂದರೆ ಮಗುವಿಗೆ ತೊಡಿಸಿ ಅದರ ಪಟ್ಟಿಗಳನ್ನು ನಮ್ಮ ಎರಡೂ ಭುಜಕ್ಕೆ ಹಾಕಿಕೊಳ್ಳುವ ವೆಸ್ಟ್ ಹಾರ್ನೆಸ್ಸೇ ಸರಿ. ಉಳಿದೆರಡನ್ನೂ ಬಳಸಿ ನೋಡಿಯೇ ಈ ಮಾತು ಹೇಳುತ್ತಿದ್ದೇನೆ. ಬೆಂಗಳೂರಿನ ಕತ್ರಿಗುಪ್ಪೆಯಿಂದ ಹೊರಟು, ದೇವೇಗೌಡ ಪೆಟ್ರೋಲ್ ಬಂಕ್ ಸಿಗ್ನಲ್ ದಾಟಿ, ಪದ್ಮನಾಭನಗರದಲ್ಲಿ ಮಗಳನ್ನು ಬಿಡಬೇಕು. ದೂರ ಹೆಚ್ಚಿಲ್ಲ. ಆದರೆ ಹಂಪು, ಗುಂಡಿ, ರಾಂಗ್ ಸೈಡಿನಲ್ಲಿ ನುಗ್ಗುವ ಬೈಕು ಎಲ್ಲವೂ ಆ ಸ್ವಲ್ಪ ದಾರಿಯಲ್ಲೇ ಎದುರಾಗುತ್ತವೆ.

ಸೊಂಟದ ಬೆಲ್ಟು ಮುನ್ನೂರು ರೂಪಾಯಿ ಒಳಗೇ ಸಿಕ್ಕಿತು. ನಮ್ಮಿಬ್ಬರ ಸೊಂಟ ಸುತ್ತುವ ಒಂದೇ ಅಗಲ ಪಟ್ಟಿ, ಮಗು ಹಿಡಿದುಕೊಳ್ಳಲು ಎರಡು ಹಿಡಿ, ಅಷ್ಟೇ. ಬೆಳಿಗ್ಗೆ ಮಗು ಎಚ್ಚರವಾಗಿದ್ದಾಗ ಪರವಾಗಿಲ್ಲ ಅನ್ನಿಸುತ್ತದೆ. ಮಧ್ಯಾಹ್ನ ಸ್ಕೂಲು ಬಿಟ್ಟಮೇಲೆ ಇದರ ಬಂಡವಾಳ ಬಯಲಾಯಿತು. ಬಿಸಿಲು, ಹಸಿವು, ಗಾಡಿಯ ಕುಲುಕಾಟ. ಎರಡು ಕ್ರಾಸ್ ದಾಟುವಷ್ಟರಲ್ಲಿ ಮಗಳು ತೂಕಡಿಸಿದ್ದಳು. ಸೊಂಟ ಬೆಲ್ಟಿನೊಳಗೇ ಇದೆ, ಅಲ್ಲಿಂದ ಮೇಲೆ ಮೈಯೆಲ್ಲ ಎಡಕ್ಕೆ ವಾಲಿದೆ. ಪಕ್ಕದಲ್ಲಿ ಬರುತ್ತಿದ್ದ ಆಟೋದವರು "ಮೇಡಂ, ಮಗು ಮಲಗ್ಬಿಟ್ಟಿದೆ, ನೋಡ್ಕೊಳ್ಳಿ" ಎಂದು ಕೂಗಿದರು. ಗಾಡಿ ಪಕ್ಕಕ್ಕೆ ಹಾಕಿದಾಗ ನನ್ನ ಕೈ ನಡುಗುತ್ತಿತ್ತು. ಆಮೇಲೆ ಆ ಬೆಲ್ಟನ್ನು ಮುಟ್ಟಿಲ್ಲ. ದುಪಟ್ಟಾದಲ್ಲಿ ಕಟ್ಟಿಕೊಳ್ಳುವುದೂ ಇದೇ ಲೆಕ್ಕ, ಅದರ ಜೊತೆಗೆ ತುದಿ ಚಕ್ರಕ್ಕೆ ಸಿಕ್ಕುವ ಭಯ ಬೇರೆ.

ಮುಂದೆ ಹ್ಯಾಂಡಲ್ ಮತ್ತು ಸೀಟಿನ ನಡುವೆ ಕೂರಿಸುವ ಪುಟ್ಟ ಸೀಟನ್ನು ನಾದಿನಿ ಕೊಟ್ಟರು. ಮಗು ಕಣ್ಣೆದುರಿಗೇ ಇರುತ್ತದೆ, ಮಾತಾಡಿಕೊಂಡು ಹೋಗಬಹುದು, ಮಗಳಿಗಂತೂ ಬಹಳ ಇಷ್ಟ. ಆದರೆ ಜೋರಾಗಿ ಬ್ರೇಕ್ ಹಾಕಿದರೆ ಮಗುವಿನ ಮುಖ ಹೋಗಿ ಬಡಿಯುವುದು ಹ್ಯಾಂಡಲ್‌ಗೇ. ಯೂ ಟರ್ನ್ ಹೊಡೆಯುವಾಗ ಮೊಣಕಾಲು ಅಡ್ಡ ಬರುತ್ತದೆ. ಒಮ್ಮೆ ಸಿಗ್ನಲ್‌ನಲ್ಲಿ ನಿಂತಿದ್ದಾಗ ಅವಳ ಕೈ ಸೀದಾ ಎಕ್ಸಲರೇಟರ್ ಮೇಲೆ ಹೋಯಿತು. ನಾನು ಬ್ರೇಕ್ ಬಿಗಿಯಾಗಿ ಹಿಡಿದಿದ್ದರಿಂದ ಮುಂದಿದ್ದ ಬಸ್ಸಿಗೆ ಗುದ್ದಲಿಲ್ಲ. ಎಲೆಕ್ಟ್ರಿಕ್ ಸ್ಕೂಟರ್ ಆದರೆ ಇನ್ನೂ ಎಚ್ಚರ ಬೇಕು. ನಿಂತಿದ್ದಾಗ ಸದ್ದೇ ಇರುವುದಿಲ್ಲ, ತಿರುಗಿಸಿದ ತಕ್ಷಣ ಓಡುತ್ತದೆ. ಸೀಟು ವಾಪಸ್ ಹೋಯಿತು.

ಇನ್ನು ವೆಸ್ಟ್. ಮಗು ಅಂಗಿಯ ಮೇಲೆ ತೊಡುವ ತೋಳಿಲ್ಲದ ಕೋಟು, ಅದರಿಂದ ಬರುವ ಎರಡು ಪಟ್ಟಿಗಳನ್ನು ನಾವು ಬ್ಯಾಗಿನ ಹಾಗೆ ಭುಜಕ್ಕೆ ಹಾಕಿಕೊಳ್ಳಬೇಕು. ಕೇಂದ್ರ ಸರ್ಕಾರ 2022ರ ಫೆಬ್ರವರಿಯಲ್ಲಿ ಹೊರಡಿಸಿ ಒಂದು ವರ್ಷದ ನಂತರ ಜಾರಿಗೆ ತಂದ ನಿಯಮ ಕೇಳುವುದೂ ಇದನ್ನೇ. 4 ವರ್ಷದೊಳಗಿನ ಮಕ್ಕಳ ಮೈಯ ಮೇಲ್ಭಾಗ ಗಾಡಿ ಓಡಿಸುವವರಿಗೆ ಭದ್ರವಾಗಿ ಸೇರಿಕೊಂಡಿರಬೇಕು, ಹಾರ್ನೆಸ್ 30 ಕೆ.ಜಿ. ತೂಕ ತಡೆಯಬೇಕು, ವೇಗ 40 ಕಿ.ಮೀ. ಮೀರಬಾರದು. ಸೊಂಟದ ಬೆಲ್ಟು ಇಲ್ಲೇ ಸೋಲುತ್ತದೆ. ಮಗಳಿಗೆ ಈಗ ನಾಲ್ಕು ದಾಟಿದೆ, ಆದರೂ ವೆಸ್ಟ್ ಬಿಟ್ಟಿಲ್ಲ. ನಾಲ್ಕು ತುಂಬಿತು ಎಂದು ಮಧ್ಯಾಹ್ನದ ನಿದ್ದೆ ಬಿಡುತ್ತದೆಯೇ?

ಆದರೆ ಮೊದಲು ತಂದ ವೆಸ್ಟ್ ನನ್ನ ತಾಳ್ಮೆ ಪರೀಕ್ಷಿಸಿತು. ಪಟ್ಟಿ ಸಡಿಲವಾಗುತ್ತಿತ್ತು. ಮನೆ ಮುಂದೆ ಎಳೆದು ಬಿಗಿ ಮಾಡಿದಾಗ ಮಗಳ ಎದೆಗೂ ನನ್ನ ಬೆನ್ನಿಗೂ ನಡುವೆ ಎರಡು ಬೆರಳು ಹೋಗುವಷ್ಟು ಜಾಗ. ಸ್ಕೂಲು ಮುಟ್ಟುವಷ್ಟರಲ್ಲಿ ಅಲ್ಲಿ ಇಡೀ ಮುಷ್ಟಿ ತೂರುತ್ತಿತ್ತು. ಮಗಳು ಹಿಂದಕ್ಕೆ ಒರಗಿ ಆಟವಾಡುತ್ತಾಳೆ ಎಂದುಕೊಂಡು ಗದರಿದ್ದೂ ಆಯಿತು, ಪಾಪ.

ಒಂದು ಭಾನುವಾರ ಪಟ್ಟಿಯನ್ನು ಕಿಟಕಿ ಕಂಬಿಗೆ ಸಿಕ್ಕಿಸಿ ಜಗ್ಗಿ ಜಗ್ಗಿ ನೋಡಿದೆ. ಒಂದೇ ಸಮ ಎಳೆದರೆ ಗಟ್ಟಿಯಾಗಿ ನಿಲ್ಲುತ್ತದೆ. ಸಡಿಲ ಬಿಟ್ಟು ಫಕ್ಕನೆ ಜಗ್ಗಿದರೆ ಪ್ರತಿ ಸಲ ಒಂದಿಷ್ಟು ಜಾರುತ್ತದೆ. ಹಂಪು ಹಾರಿದಾಗ ಆಗುವುದೂ ಅದೇ ತಾನೇ! ನೈಲಾನ್ ಪಟ್ಟಿ ನುಣುಪು, ಅದನ್ನು ಹಿಡಿಯುವ ಪ್ಲಾಸ್ಟಿಕ್ ಅಡ್ಜಸ್ಟರಿನ ಹಲ್ಲುಗಳೂ ನುಣುಪು. ಮಾರಿದವರಿಗೆ ವಿಡಿಯೋ ಕಳಿಸಿದರೆ "ಎಲ್ಲರದ್ದೂ ಹಾಗೇ ಇರುತ್ತೆ ಮೇಡಂ" ಎಂಬ ಉತ್ತರ ಬಂತು. ಮಗುವಿನ ಜೀವದ ವಿಷಯದಲ್ಲಿ ಇಂಥ ಉತ್ತರ ಕೇಳಿ ತುಂಬಾ ಸಿಟ್ಟು ಬಂತು.

ಎಲ್ಲರದ್ದೂ ಹಾಗಿರುವುದಿಲ್ಲ. ಎರಡನೆಯದನ್ನು ಅಂಗಡಿಯಲ್ಲೇ ಜಗ್ಗಿ ನೋಡಿ ತಂದೆ. ಲೋಹದ ಅಡ್ಜಸ್ಟರ್, ದಪ್ಪ ಒರಟು ಪಟ್ಟಿ, ಸಾವಿರದ ಮುನ್ನೂರು ರೂಪಾಯಿ. ಇದು ಜಾರುವುದಿಲ್ಲ. ಬಿಡಲು ಒಮ್ಮೆ ನಾನು, ಒಮ್ಮೆ ನನ್ನ ಗಂಡ ಹೋಗುವುದರಿಂದ ನನ್ನ ಅಳತೆಗೆ ಬಿಳಿ ದಾರ, ಅವರ ಅಳತೆಗೆ ಕೆಂಪು ದಾರದಲ್ಲಿ ಪಟ್ಟಿಯ ಮೇಲೆ ಗುರುತು ಹಾಕಿದ್ದೇನೆ. ಬೆಳಗಿನ ಗಡಿಬಿಡಿಯಲ್ಲಿ ಅಳೆಯುತ್ತಾ ಕೂರುವಂತಿಲ್ಲ.

ಗೇಟಿನ ಮುಂದೆ ಇಳಿಸುವುದು ಮಾತ್ರ ಈಗಲೂ ನಿಧಾನ. ಸ್ಟ್ಯಾಂಡ್ ಹಾಕಿ, ಗಾಡಿ ಆಫ್ ಮಾಡಿ, ಕೀ ತೆಗೆದು, ಆಮೇಲೆಯೇ ಎದೆಯ ಬಕಲ್ ಬಿಚ್ಚಬೇಕು. ಹಿಂದಿನವರು ಹಾರ್ನ್ ಹೊಡೆಯುತ್ತಾರೆ, ಹೊಡೆಯಲಿ. ನಾನೀಗ ಗೇಟಿನಿಂದ ನಾಲ್ಕು ಮನೆ ಆಚೆ, ರಸ್ತೆಯ ಎಡಗಡೆಯೇ ನಿಲ್ಲಿಸಿ ಕೈ ಹಿಡಿದು ನಡೆಸುತ್ತೇನೆ.

"ಗಾಡಿ ಬಿದ್ರೆ ಮಗೂನೂ ನಿನ್ ಜೊತೇಲೇ ಬೀಳತ್ತಲ್ಲೇ?" ಎಂದು ಅತ್ತೆ ಕೇಳಿದರು. ನ್ಯಾಯವಾದ ಪ್ರಶ್ನೆ. ಹೌದು, ಬೀಳುತ್ತದೆ. ಆದರೆ ಮಗು ನನ್ನಿಂದ ಕಳಚಿ ರಿಂಗ್ ರೋಡಿನ ನಡುವೆ ಒಂದೇ ಬೀಳುವುದನ್ನು ನೆನೆಸಿಕೊಳ್ಳಲೂ ಆಗುವುದಿಲ್ಲ.

ಹೆಲ್ಮೆಟ್ ಇಲ್ಲದೆ ವೆಸ್ಟ್ ಅರ್ಧ ಕೆಲಸ. ನಾಲ್ಕರೊಳಗಿನವರಿಗೆ ಸೈಕಲ್ ಹೆಲ್ಮೆಟ್ ಕೂಡ ನಡೆಯುತ್ತದೆ, ಹಗುರವಾಗಿರುತ್ತದೆ. ನಾಲ್ಕು ದಾಟಿದವರಿಗೆ ಐಎಸ್‌ಐ ಗುರುತಿನ ಮಕ್ಕಳ ಹೆಲ್ಮೆಟ್ಟೇ ತನ್ನಿ. ನೆತ್ತಿಯ ಮೇಲೆ ಜುಟ್ಟು ಕಟ್ಟಿದರೆ ಹೆಲ್ಮೆಟ್ ಸರಿಯಾಗಿ ಕೂರುವುದಿಲ್ಲ, ಕಿವಿಯ ಕೆಳಗೆ ಎರಡು ಜಡೆ ಹಾಕಿ. ಸ್ಕೂಲ್ ಬ್ಯಾಗು ಮಗುವಿನ ಬೆನ್ನಿಗೆ ಬೇಡ, ಹಿಂದಕ್ಕೆ ಜಗ್ಗುತ್ತದೆ. ಮುಂದಿನ ಕೊಕ್ಕೆಗೆ ನೇತುಹಾಕಿ.

ನಮ್ಮದು ದಿನಾ ಎರಡು ಹೊತ್ತಿನ ಓಡಾಟ. ಕಾರಿಲ್ಲ, ವ್ಯಾನಿಗೆ ತಿಂಗಳಿಗೆ ಅಷ್ಟು ಕೊಡುವ ಶಕ್ತಿಯಿಲ್ಲ. ಹಾಗಾಗಿ ಸಾವಿರದ ಮುನ್ನೂರು ನನಗೆ ದುಬಾರಿ ಅನ್ನಿಸಲಿಲ್ಲ. ಅಷ್ಟು ಕಷ್ಟ ಅನ್ನುವವರು ಅಗ್ಗದ್ದೇ ತಂದರೂ ಎರಡು ಭುಜದ ವೆಸ್ಟೇ ತನ್ನಿ, ದುಡ್ಡು ಕೊಡುವ ಮೊದಲು ಪಟ್ಟಿಯನ್ನು ಸಡಿಲ ಬಿಟ್ಟು ಹತ್ತು ಸಲ ಜೋರಾಗಿ ಜಗ್ಗಿ ನೋಡಿ. ಜಾರಿದರೆ ಅಲ್ಲೇ ಬಿಟ್ಟು ಬನ್ನಿ.