ಬರ್ಜೆಸ್ ಶೇಲ್ ಗೈಡೆಡ್ ಹೈಕ್: ಆ ಕಪ್ಪು ಕಲೆ ನೋಡುವುದಕ್ಕಾದರೂ ಹೋಗಿ

ಕೆನಡಾದ ಯೋಹೋ ನ್ಯಾಷನಲ್ ಪಾರ್ಕಿನಲ್ಲಿ ಬರ್ಜೆಸ್ ಶೇಲ್ ಎಂಬ, ಪಳೆಯುಳಿಕೆಗಳಿಗೆ ಹೆಸರಾದ ಕಲ್ಲಿನ ಪದರ ಇರುವ ವಾಲ್ಕಾಟ್ ಕ್ವಾರಿಗೆ ಹೋಗಿ ಬಂದೆವು. ಗೈಡ್ ಇಲ್ಲದೆ ಒಳಗೆ ಬಿಡುವುದಿಲ್ಲ. ಹೋಗಿ ಬರಲು ಸುಮಾರು 22 ಕಿಲೋಮೀಟರ್, 800 ಮೀಟರಿಗಿಂತ ಜಾಸ್ತಿ ಏರು, ಇಡೀ ದಿನದ ಕೆಲಸ. ಮಂಡಿ ನೋವು ಇರುವವರು ಯೋಚನೆ ಮಾಡಿ.

ನನಗೆ ದುಡ್ಡು ಸಾರ್ಥಕ ಅನ್ನಿಸಿದ್ದು ನಮ್ಮ ಗೈಡ್ ಹುಡುಗಿಯಿಂದ. ಮರೆಲ್ಲಾ ಎಂಬ ಪುಟ್ಟ ಪ್ರಾಣಿಯ ಅಚ್ಚು ಇರುವ ಕಲ್ಲನ್ನು ಕೈಗೆ ಕೊಟ್ಟಳು, ಆ ಪ್ರಾಣಿಯ ಹಿಂಭಾಗದಲ್ಲಿ ಮಸಿ ಚೆಲ್ಲಿದ ಹಾಗೆ ಕಪ್ಪು ಕಲೆ ಇತ್ತು. ಅದು ಅಂಗ ಅಲ್ಲವಂತೆ. ಕೊಳೆಯಲು ಶುರುವಾದಾಗ ಮೈಯಿಂದ ಸೋರಿದ ರಸ, 50.8 ಕೋಟಿ ವರ್ಷ ಹಾಗೇ ಉಳಿದಿದೆ!

ಇಂಥ ಕಲೆಯೇ ದೊಡ್ಡ ವಿಜ್ಞಾನಿಗಳನ್ನೂ ದಾರಿ ತಪ್ಪಿಸಿದೆ. ಹ್ಯಾಲುಸಿಜೀನಿಯಾ ಎಂಬ ಮುಳ್ಳು ಬೆನ್ನಿನ ಹುಳುವಿಗೆ ಒಂದು ತುದಿಯಲ್ಲಿ ಬಲೂನಿನಂಥ ಕಪ್ಪು ಗುಂಡು ಇತ್ತು, ಅದನ್ನೇ ಬಹಳ ಕಾಲ ತಲೆ ಎಂದುಕೊಂಡಿದ್ದರು. 2015ರಲ್ಲಿ ಪಳೆಯುಳಿಕೆ ತಜ್ಞರಾದ ಮಾರ್ಟಿನ್ ಸ್ಮಿತ್ ಮತ್ತು ಜಾನ್ ಬರ್ನಾರ್ಡ್ ಕ್ಯಾರನ್ ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ ನೋಡಿದರೆ ನಿಜವಾದ ಕಣ್ಣು ಇನ್ನೊಂದು ತುದಿಯಲ್ಲಿ! ಆ ಗುಂಡು ಬರೀ ಕೊಳೆತ ದ್ರವ, ಹಿಂದಿನಿಂದ ಹಿಂಡಿ ಬಂದದ್ದು.

ದಾರಿಯುದ್ದಕ್ಕೂ ಅದೇ ಮಾತು. ಇಂಗ್ಲೆಂಡಿನ ಲೆಸ್ಟರ್ ವಿಶ್ವವಿದ್ಯಾಲಯದವರು ಆಂಫಿಯಾಕ್ಸಸ್ ಎಂಬ ಮೀನಿನಂಥ ಪುಟ್ಟ ಕಡಲಜೀವಿಯನ್ನೂ ಲ್ಯಾಂಪ್ರೇ ಮೀನಿನ ಮರಿಗಳನ್ನೂ ಬೇಕೆಂದೇ ಕೊಳೆಸಿ, ದಿನಗಟ್ಟಲೆ ನೋಡುತ್ತಾ ಕೂತರು, 2010ರಲ್ಲಿ ಫಲಿತಾಂಶ ಪ್ರಕಟಿಸಿದರು. ಆ ವಾಸನೆ ತಡೆದುಕೊಂಡವರಿಗೆ ದೊಡ್ಡ ನಮಸ್ಕಾರ. ಅವರು ಕಂಡದ್ದೇನೆಂದರೆ, ಒಂದು ಪ್ರಾಣಿ ಜೀವವಿಕಾಸದ ಯಾವ ಕವಲಿನದು ಎಂದು ಹೇಳಬಲ್ಲ ಗುರುತುಗಳೇ ಮೊದಲು ಕರಗುತ್ತವೆ, ಇಡೀ ಬಳಗಕ್ಕೆ ಸಮಾನವಾದ ಹಳೇ ಗುರುತುಗಳು ಕೊನೆಗೆ ಉಳಿಯುತ್ತವೆ. ಹಾಗಾಗಿ ಅರ್ಧ ಕೊಳೆತ ಪ್ರಾಣಿ ತನ್ನ ಮುತ್ತಜ್ಜನ ಹಾಗೆ ಕಾಣುತ್ತದೆ. ಪಳೆಯುಳಿಕೆಯಲ್ಲಿ ಕಿವಿರು ಕಾಣದಿದ್ದರೆ ಆ ಪ್ರಾಣಿಗೆ ಕಿವಿರೇ ಇರಲಿಲ್ಲವಾ, ಇದ್ದದ್ದು ಕೊಳೆತು ಹೋಯಿತಾ? ಇದನ್ನು ಕೇಳಿದ ಮೇಲೆ ನಾನು ಪ್ರತಿ ಕಲ್ಲನ್ನೂ ಬೇರೆ ಥರ ನೋಡಿದೆ.

ಕ್ವಾರಿಯಲ್ಲಿ ಇನ್ನೊಂದು ಗಂಟೆ ಸಿಕ್ಕಿದ್ದರೆ ಚೆನ್ನಾಗಿತ್ತು. ಒಂದು ಚೂರನ್ನೂ ಜೇಬಿಗೆ ಹಾಕುವ ಹಾಗಿಲ್ಲ, ಅದು ಕಾನೂನು, ಸರಿಯೂ ಹೌದು. ಮುಂಚೆಯೇ ಬುಕ್ ಮಾಡಿ, ಭೂತಗನ್ನಡಿ ಒಯ್ಯಿರಿ. ಕಲ್ಲನ್ನು ಬಿಸಿಲಿಗೆ ಸ್ವಲ್ಪ ಓರೆಯಾಗಿ ಹಿಡಿಯಿರಿ, ನೇರ ನೋಡಿದರೆ ಕಾಣದ ಮೈ ಆಗ ಬೆಳ್ಳಿಯ ಹಾಗೆ ಮಿನುಗುತ್ತದೆ.