ಲೇಬಲ್ ಇಲ್ಲದ ಆಕ್ಟಿವೇಟೆಡ್ ಕಾರ್ಬನ್ ತಗೋಬೇಡಿ

ಹುಬ್ಬಳ್ಳಿ-ಧಾರವಾಡದಲ್ಲಿ ಅಕ್ವೇರಿಯಂ ಇಟ್ಟಿರುವವರೆಲ್ಲ ದಯವಿಟ್ಟು ಇದನ್ನು ಓದಿ. ಆಕ್ಟಿವೇಟೆಡ್ ಕಾರ್ಬನ್ ಅಂದರೆ ನೀರಿನ ಬಣ್ಣ, ಉಳಿದ ಔಷಧಿ ಎಳೆದುಕೊಳ್ಳಲು ಫಿಲ್ಟರಿನಲ್ಲಿಡುವ ಕರಿ ಇದ್ದಿಲ ಕಾಳು. ಜಿಪ್ ಕವರ್‌ನಲ್ಲಿ ತುಂಬಿ ‘ಇಂಪೋರ್ಟೆಡ್ ಕಾರ್ಬನ್’ ಅಂತ ಕೊಟ್ಟರೆ ತಗೋಬೇಡಿ. ನನಗೆ ಮಾರಿದ್ದು ಬೇರೆ ಯಾರದೋ ಟ್ಯಾಂಕಿನಲ್ಲಿ ಬಳಸಿ, ತೆಗೆದು, ಒಣಗಿಸಿದ ಮಾಲು.

ನಮ್ಮದು ಗಿಡಗಳಿರುವ ಟ್ಯಾಂಕ್. ವ್ಯಾಲಿಸ್ನೇರಿಯಾ, ಅಮೆಜಾನ್ ಸ್ವೋರ್ಡ್, ಜಾವಾ ಫರ್ನ್ ಇವೆ. ಹೊಸ ಡ್ರಿಫ್ಟ್‌ವುಡ್ ಹಾಕಿದ ಮೇಲೆ ನೀರು ಡಿಕಾಕ್ಷನ್ ಬಣ್ಣಕ್ಕೆ ತಿರುಗಿತು. ಅದು ಕಟ್ಟಿಗೆ ಬಿಡುವ ಟ್ಯಾನಿನ್. ಮೀನಿಗೆ ತೊಂದರೆ ಇಲ್ಲ, ಆದರೆ ನೋಡೋಕೆ ಚೆನ್ನಾಗಿರಲಿಲ್ಲ. ಒಳ್ಳೆಯ ಕಾರ್ಬನ್ ಫಿಲ್ಟರಿನಲ್ಲಿಟ್ಟರೆ ಕೆಲವೇ ದಿನದಲ್ಲಿ ಆ ಬಣ್ಣ ಹೋಗುತ್ತದೆ. ಹುಬ್ಬಳ್ಳಿಯ ಒಂದು ಅಂಗಡಿಯಿಂದ ಅರ್ಧ ಕೆಜಿಯ ಎರಡು ಪ್ಯಾಕೆಟ್ ತಂದೆ. ಒಂದಕ್ಕೆ 450 ರೂಪಾಯಿ! "ಆರು ತಿಂಗಳ ಬರ್ತೈತ್ರಿ ಸರ್. ಆಮ್ಯಾಲ ಕುದಿಸಿ ಬಿಸಲಿಗೆ ಇಡ್ರಿ, ಮತ್ತ ಹೊಸಾದು ಆಗ್ತೈತಿ" ಅಂದ ಅಂಗಡಿಯವ.

ಬಣ್ಣ ಒಂಚೂರೂ ಇಳಿಯಲಿಲ್ಲ. ಫೋನ್ ಮಾಡಿದೆ. "ಹೊಸಾ ಕಾರ್ಬನ್ ಅಲ್ರಿ, ಸೆಟ್ ಆಗಾಕ ಟೈಮ್ ಬೇಕು" ಅಂದ. ಗಿಡದ ಎಲೆ ಹಳದಿ ಆಗುತ್ತಿವೆ ಅಂತಲೂ ಹೇಳಿದೆ. "ಕಾರ್ಬನ್ ಗೊಬ್ಬರಾನೆಲ್ಲಾ ಎಳಕೊಂಡೈತ್ರಿ, ಇನ್ನೊಂದು ಬಾಟ್ಲಿ ಗೊಬ್ಬರ ಒಯ್ರಿ" ಅಂದ. ಒಂದೇ ಫೋನಿನಲ್ಲಿ! ಬಣ್ಣ ಎಳೆಯೋಕೆ ಕಾರ್ಬನ್ ಇನ್ನೂ ಸೆಟ್ ಆಗಿಲ್ಲ, ಗೊಬ್ಬರ ಮಾತ್ರ ಪೂರ್ತಿ ಎಳೆದುಕೊಂಡಿದೆ. ಇದು ಹೇಗೆ ಸಾಧ್ಯ? ದ್ರವ ಗೊಬ್ಬರದ ಕಬ್ಬಿಣವನ್ನು ಕಾರ್ಬನ್ ಸ್ವಲ್ಪ ಹಿಡಿಯುತ್ತದೆ, ನಿಜ. ನೈಟ್ರೇಟ್, ಪೊಟ್ಯಾಶಿಯಂ ಮುಟ್ಟುವುದೇ ಇಲ್ಲ ಅನ್ನಬಹುದು.

ಆಮೇಲೆ ಎರಡನೇ ಪ್ಯಾಕೆಟ್ ಕೈಗೆ ತಗೊಂಡೆ. ಇನ್ನೂ ಒಡೆದಿರಲಿಲ್ಲ. ಬೆಳಕಿಗೆ ಹಿಡಿದರೆ ಕರಿ ಕಾಳುಗಳ ನಡುವೆ ಒಂದು ಸಣ್ಣ ಬಸವನಹುಳುವಿನ ಚಿಪ್ಪು. ಸುರುಳಿ ಸುರುಳಿಯಾಗಿ, ಸ್ಪಷ್ಟವಾಗಿ ಕಾಣುತ್ತಿತ್ತು. ಪಕ್ಕದಲ್ಲಿ ಒಣಗಿದ ಎಲೆಯ ಚೂರು. ಫ್ಯಾಕ್ಟರಿಯಿಂದ ಬಂದ ಹೊಸ ಕಾರ್ಬನ್‌ನಲ್ಲಿ ಬಸವನಹುಳು ಎಲ್ಲಿಂದ ಬರಬೇಕು? ಮೈ ಉರಿದುಹೋಯಿತು.

ಪ್ಯಾಕೆಟ್ ಹಿಡಿದು ನೇರ ಅಂಗಡಿಗೆ ಹೋದೆ. "ಅದು ನಿಮ್ಮ ಟ್ಯಾಂಕಿಂದ ಬಂದಿರಬೇಕ್ರಿ" ಅಂದ. ಪ್ಯಾಕೆಟ್ ಒಡೆದೇ ಇಲ್ಲ, ನೋಡಿ ಅಂದೆ. ಒಂದು ನಿಮಿಷ ಸುಮ್ಮನಿದ್ದ. ಆಮೇಲೆ, "ಕಾರ್ಬನ್ ತೆಂಗಿನ ಚಿಪ್ಪಿಂದ ಮಾಡ್ತಾರಲ್ರಿ ಸರ್, ಅದರ ತುಂಡು ಅದು" ಅಂದ. ತೆಂಗಿನ ಚಿಪ್ಪಿನಿಂದ ಮಾಡುವುದು ನಿಜ. ಆದರೆ ಕಣ್ಣೆದುರಿಗೆ ಇರೋ ಬಸವನಹುಳುವನ್ನು ತೆಂಗಿನ ಚಿಪ್ಪು ಅನ್ನೋದಾ? ಅಲ್ಲಿದ್ದ ಗಿರಾಕಿಗಳು ನಕ್ಕರು. ಅವನನ್ನು ನೋಡಿ ಅಲ್ಲ, ನನ್ನನ್ನು ನೋಡಿ. "ಮೀನ ಸಾಕೂದು ಎಲ್ಲಾರಿಗೂ ಆಗಂಗಿಲ್ರಿ" ಅಂತ ಬೇರೆ ಹೇಳಿದ. ಆ ಮಾತು ಇವತ್ತಿಗೂ ಚುಚ್ಚುತ್ತಿದೆ. ದುಡ್ಡು ವಾಪಸ್ ಕೇಳಿದೆ. "ದುಡ್ಡು ಆಗಂಗಿಲ್ರಿ, ಒಂದು ಜೋಡಿ ಗಪ್ಪಿ ಒಯ್ರಿ" ಅಂದ. ಯಾರಿಗೆ ಬೇಕು ಅವನ ಗಪ್ಪಿ!

ಹೊರಗೆ ಬಂದರೆ ಅಂಗಡಿಯ ಮಗ್ಗುಲಲ್ಲಿ ಗೋಣಿಚೀಲದ ಮೇಲೆ ಒದ್ದೆ ಕಾರ್ಬನ್ ಹರವಿದ್ದರು. ಮನೆಮನೆಗೆ ಹೋಗಿ ಟ್ಯಾಂಕ್ ಸರ್ವಿಸ್ ಮಾಡುವ ಹುಡುಗ ಅದನ್ನು ಕೈಯಾಡಿಸುತ್ತಿದ್ದ. ಇನ್ನೇನು ಸಾಕ್ಷಿ ಬೇಕು?

ಎಳೆದುಕೊಂಡು ಎಳೆದುಕೊಂಡು ಒಮ್ಮೆ ತುಂಬಿಹೋದ ಕಾರ್ಬನ್ ಕುದಿಸಿದರೆ, ಬಿಸಿಲಿಗಿಟ್ಟರೆ ಹೊಸದಾಗುವುದಿಲ್ಲ. ಫ್ಯಾಕ್ಟರಿ ಕುಲುಮೆಯಲ್ಲಿ 800 ಡಿಗ್ರಿ ಆಸುಪಾಸು ಕಾಯಿಸಬೇಕು. ಟ್ಯಾಂಕಿನಲ್ಲಿ ಅದರ ಆಯಸ್ಸು ಕೆಲವು ವಾರ ಅಷ್ಟೇ, ಆರು ತಿಂಗಳಲ್ಲ.

ತಂದ ಕಾರ್ಬನ್ ಮೇಲೆ ಅನುಮಾನ ಇದ್ದರೆ ಒಂದು ಗ್ಲಾಸ್ ನೀರಿಗೆ ಒಂದು ಹನಿ ಮಿಥಿಲೀನ್ ಬ್ಲೂ (ಮೀನಿಗೆ ಹಾಕುವ ನೀಲಿ ಔಷಧಿ) ಬಿಡಿ. ತೊಳೆದ ಕಾರ್ಬನ್ ಎರಡು ಚಮಚ ಹಾಕಿ, ಆಗಾಗ ಕಲಕಿ, ರಾತ್ರಿ ಇಡಿ. ಗೆಳೆಯನ ಮನೆಯ ಸೀಲ್ ಪ್ಯಾಕೆಟ್ ಕಾರ್ಬನ್ ಹಾಕಿದ ಗ್ಲಾಸ್ ಬೆಳಗ್ಗೆ ತಿಳಿಯಾಗಿತ್ತು. ನನ್ನದು ನೀಲಿಯೇ ಇತ್ತು. ಆ ಫೋಟೋ ಕಳಿಸಿದರೆ ಅಂಗಡಿಯವನ ಉತ್ತರ: "ಗ್ಲಾಸಿನ್ಯಾಗ ಬ್ಯಾರೆ, ಟ್ಯಾಂಕಿನ್ಯಾಗ ಬ್ಯಾರೆರಿ."

ಗಿಡಗಳ ಟ್ಯಾಂಕಿಗೆ ಕಾರ್ಬನ್ ಯಾವಾಗಲೂ ಬೇಕಾಗಿಲ್ಲ. ಬಣ್ಣ ತೆಗೆಯೋಕೆ, ಇಲ್ಲವೇ ಔಷಧಿ ಕೋರ್ಸ್ ಮುಗಿದ ಮೇಲೆ ಉಳಿದದ್ದನ್ನು ತೆಗೆಯೋಕೆ ಇಡಿ, ಆಮೇಲೆ ತೆಗೆದುಬಿಡಿ. ತಯಾರಕರ ಹೆಸರಿರುವ ಸೀಲ್ ಪ್ಯಾಕೆಟ್ಟೇ ಕೊಳ್ಳಿ. ಸರ್ವಿಸ್‌ಗೆ ಬಂದವರ ಕೈಗೆ ಹಳೆ ಕಾರ್ಬನ್ ಕೊಡಬೇಡಿ. ನೀವೇ ಕಸದ ಗಾಡಿಗೆ ಹಾಕಿ. ಇಲ್ಲದಿದ್ದರೆ ಅದೇ ಮಾಲು 450 ರೂಪಾಯಿಗೆ ಇನ್ನೊಬ್ಬರ ಮನೆ ಸೇರುತ್ತದೆ.